ನೆರಳೊಂದು, ಹೆಸರೆರಡು

ಹೊಂಗೆಯ ಮರದಡಿ ದಣಿವಾರಿಸಿಕೊಳ್ಳುವವನಿಗೆ ದೊರೆಯುವುದು ನೆರಳು. ಬಿಸಿಲಿನಲ್ಲಿ ನಡೆಯುವವನ ಬೆನ್ನುಹತ್ತಿ ಬರುವುದೂ ನೆರಳೇ. ಕನ್ನಡಕ್ಕೆ ಇಲ್ಲಿ ಒಂದೇ ಮಾತು ಸಾಕು, ಇಂಗ್ಲಿಷಿಗೆ ಸಾಲದು. ಬಿಸಿಲು ತಾಗದ ತಂಪಿನ ಎಡೆ ‘ಶೇಡ್’. ವಸ್ತುವಿನ ಆಕಾರ ತಾಳಿ ನೆಲದ ಮೇಲೆ ಬೀಳುವ ಕಪ್ಪು ‘ಶ್ಯಾಡೋ’. ತನ್ನ ‘ಶೇಡ್’ ತನ್ನನ್ನು ಹಿಂಬಾಲಿಸಿತೆಂದು ವಿದ್ಯಾರ್ಥಿಯೊಬ್ಬ ಬರೆದರೆ ಅವನು ಎಡವಿದ್ದು ವ್ಯಾಕರಣದಲ್ಲಲ್ಲ. ಕನ್ನಡದ ಒಂದು ಮಾತು ಇಂಗ್ಲಿಷಿನಲ್ಲಿ ಕವಲೊಡೆಯುವ ಎಡೆಯಲ್ಲಿ.

ಇಂಥ ತಪ್ಪಿನಿಂದ ತರಗತಿಯಲ್ಲಿ ಒಂದು ಅಂಕ ಹೋದೀತು. ಅರ್ಜಿ, ಕರಾರುಗಳಲ್ಲಿ ಅದಕ್ಕಿಂತ ಹೆಚ್ಚಿನದೇ ಹೋಗಬಹುದು. ಬಾಯಿಮಾತಿನಲ್ಲಿ ನಾವು ಎಲ್ಲವನ್ನೂ ಕಳ್ಳತನವೆಂದುಬಿಡುತ್ತೇವೆ. ಕಾನೂನಿನ ಇಂಗ್ಲಿಷಿನಲ್ಲಾದರೋ, ಅರಿವಿಗೆ ಬಾರದಂತೆ ಜೇಬಿನ ಹಣವನ್ನು ಎಗರಿಸಿದರೆ ‘ಥೆಫ್ಟ್’. ಹೊಡೆದೋ ಹೆದರಿಸಿಯೋ ಕಸಿದುಕೊಂಡರೆ ‘ರಾಬರಿ’. ಐವರು ಅಥವಾ ಅದಕ್ಕೂ ಹೆಚ್ಚು ಮಂದಿ ಕೂಡಿ ಹಾಗೆ ಕಸಿದುಕೊಂಡರೆ, ಇಲ್ಲವೆ ಕಸಿಯಹೊರಟರೆ ‘ಡಕಾಯಿಟಿ’. 1860ರ ಭಾರತೀಯ ದಂಡಸಂಹಿತೆ ಎಳೆದಿದ್ದ ಈ ಐವರ ಗೆರೆಯನ್ನು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ. ನಮ್ಮ ದೇಶದ ಡಕಾಯಿತಿಯೇ ಇಂಗ್ಲಿಷ್ ವೇಷ ತೊಟ್ಟು ಆ ಭಾಷೆಯ ನಿಘಂಟನ್ನು ಸೇರಿರುವುದೊಂದು ಸ್ವಾರಸ್ಯ. ಇರಲಿ, ಜೇಬುಗಳ್ಳತನಕ್ಕೆ ‘ರಾಬರಿ’ ಎಂದು ದೂರು ಬರೆದವನು ನಡೆಯದ ಹಿಂಸೆಯನ್ನೂ ಆರೋಪಿಸಿದಂತಾಗುತ್ತದೆ.

ಕೆಲವು ನಾಮಪದಗಳ ತೊಡಕು ಕೊನೆಯ ‘ಎಸ್’ ಅಕ್ಷರದಲ್ಲಿ ಅಡಗಿದೆ. ‘ಡ್ಯಾಮೇಜ್’ ಎಂದರೆ ಹಾನಿ. ‘ಡ್ಯಾಮೇಜಸ್’ ಎಂದರೆ, ಕಾನೂನಿನ ಮಾತಿನಲ್ಲಿ, ಹಾನಿಗಳಲ್ಲ. ಹಾನಿಗಾಗಿ ನ್ಯಾಯಾಲಯ ಕೊಡಿಸುವ ಪರಿಹಾರಧನ. ‘ಕಸ್ಟಮ್’ ಎಂದರೆ ರೂಢಿ. ‘ಕಸ್ಟಮ್ಸ್’ ರೂಢಿಗಳೂ ಆಗಬಹುದು, ಬಂದರಿನಲ್ಲಿ ತೆರುವ ಸುಂಕವೂ ಆಗಬಹುದು. ಅಲ್ಲಿ ಸಂದರ್ಭವೇ ತೀರ್ಪುಗಾರ.

ಇನ್ನು ಕೆಲವು ಕಿವಿಯನ್ನೇ ವಂಚಿಸುತ್ತವೆ. ‘ಪ್ರಿನ್ಸಿಪಲ್’ ಎಂಬ ಒಂದೇ ಉಚ್ಚಾರಣೆಯಲ್ಲಿ ಎರಡು ಪದಗಳಿವೆ. ‘ಎ, ಎಲ್’ ಎಂದು ಮುಗಿದರೆ ಕಾಲೇಜಿನ ಮುಖ್ಯಸ್ಥರು, ಇಲ್ಲವೆ ಸಾಲದ ಅಸಲು. ‘ಎಲ್, ಇ’ ಎಂದು ಮುಗಿದರೆ ತತ್ತ್ವ. ಎರಡೂ ಮೊದಲಿಗನೆಂಬ ಅರ್ಥದ ಲ್ಯಾಟಿನ್ ಪದವೊಂದರ ಸಂತಾನ. ಆದರೆ ಸಾಲಪತ್ರದಲ್ಲಿರುವುದು ಅಸಲೇ ಹೊರತು ತತ್ತ್ವವಲ್ಲ. ತತ್ತ್ವವನ್ನು ಪಾಲಿಸಿದರೆ ಸಾಕು, ಅಸಲನ್ನು ತೀರಿಸಲೇಬೇಕು!

ಇಷ್ಟರಿಂದ ಕನ್ನಡ ಬಡಭಾಷೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಅಕ್ಕಿಯೂ ಅನ್ನವೂ ಇಂಗ್ಲಿಷಿನಲ್ಲಿ ‘ರೈಸ್’. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಅಲ್ಲಿ ‘ಅಂಕಲ್’. ಪ್ರತಿಯೊಂದು ಭಾಷೆಯೂ ತನ್ನ ಬದುಕಿಗೆ ಬೇಕಾದೆಡೆ ಗೆರೆ ಎಳೆದುಕೊಂಡಿದೆ. ಆದುದರಿಂದ ಇಂಗ್ಲಿಷಿನ ಒಂದು ನಾಮಪದಕ್ಕೆ ಕನ್ನಡದ ಒಂದು ಅರ್ಥವನ್ನು ಕಂಠಪಾಠ ಮಾಡಿದರೆ ಸಾಲದು. ಅದರ ನೆರೆಯ ಪದವನ್ನೂ, ಎರಡಕ್ಕೂ ಒಂದೊಂದು ವಾಕ್ಯವನ್ನೂ ಜೊತೆಗೇ ಬರೆದಿಟ್ಟುಕೊಳ್ಳುವುದು ಮೇಲು. ಪರೀಕ್ಷೆಯ ಹುಡುಗನಿಗೆ ಈ ಅಭ್ಯಾಸ ಎಷ್ಟು ಅಗತ್ಯವೋ, ಇಂಗ್ಲಿಷ್ ಕಾಗದದ ಕೆಳಗೆ ರುಜು ಹಾಕುವ ಹಿರಿಯರಿಗೂ ಅಷ್ಟೇ ಅಗತ್ಯ.