ನಿಮಗಿದು ಗೊತ್ತೇ? ದಂಡ ತಪ್ಪಿಸಿಕೊಂಡವರ ಕಥೆ

● ಇಂಗ್ಲಿಷಿನಲ್ಲಿ ‘ಸ್ಕಾಟ್ ಫ್ರೀ’ ಆಗಿ ಹೊರಬಂದ ಎಂದರೆ, ತಪ್ಪು ಮಾಡಿಯೂ ಕೂದಲು ಕೊಂಕದೆ ಬಚಾವಾದ ಎಂದರ್ಥ. ಸ್ಕಾಟ್ಲೆಂಡಿಗೂ ಇದಕ್ಕೂ ಸಂಬಂಧವಿಲ್ಲ. ‘ಸ್ಕಾಟ್’ ಎನ್ನುವುದು ಹಿಂದೆ ಇಂಗ್ಲೆಂಡಿನಲ್ಲಿದ್ದ ಒಂದು ತೆರಿಗೆ. ಅದನ್ನು ಕಟ್ಟದೆ ಉಳಿದವನು ಸ್ಕಾಟ್ ಫ್ರೀ.

● ನಿರಪರಾಧಿಗೆ ಈ ಮಾತು ಸಲ್ಲದು. ಸುಳ್ಳು ಕೇಸಿಗೆ ಸಿಕ್ಕಿ, ವರ್ಷಗಟ್ಟಲೆ ಉಡುಪಿ ಕೋರ್ಟಿಗೆ ಅಲೆದು ಖುಲಾಸೆಯಾದವರ ಬಗ್ಗೆ ಹೀಗಂದರೆ ಅವರಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತೆ.

● ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆ ನಮ್ಮಲ್ಲಿದೆ. ತುಳುನಾಡಿನ ಜನಪದ ಹಾಡುಗಳಾದ ಪಾಡ್ದನಗಳು ಅದನ್ನು ಒಪ್ಪುವುದಿಲ್ಲ.

● ಕಾರ್ಕಳದ ಬಂಡೆಗುಡ್ಡದ ಮೇಲೆ ಸುಮಾರು 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ, ವೀರಪಾಂಡ್ಯ ಭೈರವರಸನ ಕಾಲದಲ್ಲಿ. ಪಾಡ್ದನದ ಪ್ರಕಾರ ಅದನ್ನು ಕಡೆದವನು ಬೀರ ಕಲ್ಕುಡ. ಇಂಥದ್ದು ಬೇರೆಲ್ಲೂ ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ದುಡಿದವನಿಗೆ ಶಿಕ್ಷೆ, ಕಡಿಸಿದವನನ್ನು ಕೇಳುವವರೇ ಇಲ್ಲ! ಕಲ್ಕುಡ ಹಟ ಬಿಡಲಿಲ್ಲ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ಕಡೆದ. ಅಣ್ಣನ ಸ್ಥಿತಿ ಕಂಡ ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ. ಇಬ್ಬರೂ ಮಾಯವಾಗಿ, ದೈವಗಳಾಗಿ ಅರಸನನ್ನು ಕಾಡಿದರು, ಬೆಂಕಿಯಿಟ್ಟರು.

● ವೇಣೂರಿನ ಗೊಮ್ಮಟ ನಿಂತದ್ದು 1604ರಲ್ಲಿ. ನಡುವೆ 172 ವರ್ಷ! ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಆದರೂ ಕಲ್ಲುರ್ಟಿ-ಕಲ್ಕುಡರಿಗೆ ಇಂದಿಗೂ ಕೋಲ ನಡೆಯುತ್ತದೆ. ಯಾವ ನ್ಯಾಯಾಲಯವೂ ವಿಚಾರಿಸದ ಅರಸನ ಮೇಲೆ ದುಡಿಯುವ ಜನ ಕೊಟ್ಟ ತೀರ್ಪು ಇದು ಎಂದೇ ನನ್ನ ನಂಬಿಕೆ.

● ಯಾರ ಕಣ್ಣಿಗೂ ಬೀಳದ ತಪ್ಪಿಗೂ ಕರಾವಳಿಯಲ್ಲಿ ದಂಡವಿದೆ: ತಪ್ಪುಕಾಣಿಕೆ. ಹರಕೆ ಮರೆತವರು, ಮಾತಿಗೆ ತಪ್ಪಿದವರು ಕಾಪು, ಕಾರ್ಕಳದ ಕಡೆ ದೇವರ ಮುಂದೆ, ದೈವದ ಮುಂದೆ ತಾವಾಗಿಯೇ ಅದನ್ನು ಇಟ್ಟು ಕೈ ಮುಗಿಯುತ್ತಾರೆ. ರಸೀದಿ ಕೇಳುವವರಿಲ್ಲ.

● ಇನ್ನು ಕಾನೂನಿಗೆ ಬಂದರೆ, ದಂಡವಷ್ಟೇ ಶಿಕ್ಷೆಯಾಗಿರುವ ಸಣ್ಣ ಅಪರಾಧವನ್ನು ಸಾಮಾನ್ಯವಾಗಿ 6 ತಿಂಗಳು ಕಳೆದ ಮೇಲೆ ಕೋರ್ಟು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ.

● ಮಣಿಪಾಲದಂಥ ವಿದ್ಯಾರ್ಥಿಗಳ ಊರು ತಿಳಿದಿರಬೇಕಾದದ್ದು 1958ರ ಪ್ರೊಬೇಷನ್ ಕಾಯ್ದೆ. ಜೀವಾವಧಿ ಶಿಕ್ಷೆ ಆಗಬಹುದಾದಂಥ ಘೋರ ಅಪರಾಧವಲ್ಲದಿದ್ದರೆ, 21 ವರ್ಷ ತುಂಬದವರನ್ನು ಜೈಲಿಗೆ ಕಳಿಸುವ ಮೊದಲು ನ್ಯಾಯಾಧೀಶರು ಅದಕ್ಕೆ ಕಾರಣ ಬರೆಯಬೇಕು. ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡುವುದಕ್ಕೂ ಅವಕಾಶವುಂಟು. ಹೀಗೆ ಬಿಡುಗಡೆಯಾದವರು ತಪ್ಪಿತಸ್ಥರೆಂದು ತೀರ್ಪಾಗಿದ್ದರೂ, ಆ ತೀರ್ಪಿನಿಂದ ಕಾನೂನು ಪ್ರಕಾರ ಬರಬಹುದಾದ ಅನರ್ಹತೆ ಅವರಿಗೆ ತಟ್ಟದು.