ಕೃಷಿ ಪದವಿಗೆ ಡಿಜಿಟಲ್ ಬಂತು. ‘ಪ್ಲಸ್ ಒಂದು’ ಎಲ್ಲಿ ಹೋಯ್ತು?

ಸ್ಮಾರ್ಟ್ ಬೋರ್ಡ್, ಆನ್‌ಲೈನ್ ಕೋರ್ಸ್, ಡ್ರೋನ್ ಎಲ್ಲವೂ ಕೃಷಿ ವಿಶ್ವವಿದ್ಯಾಲಯಗಳಿಗೆ ಬರುತ್ತಿವೆ. ಆದರೆ ರಾಗಿಯ ಬೆಂಕಿ ರೋಗವನ್ನೋ ತೊಗರಿಯ ನೆಟೆ ರೋಗವನ್ನೋ ಗುರುತಿಸುವ ತಂತ್ರಜ್ಞಾನ ತಾನಾಗಿ ಬರುವುದಿಲ್ಲ. ಅದನ್ನು ಕಟ್ಟುವವರು ಯಾರು? ಕಟ್ಟಿದ ಮೇಲೆ ಅದು ಯಾರ ಸ್ವತ್ತು?

ಬಿಎಸ್ಸಿ ಅಗ್ರಿ ಓದುವ ಗೆಳೆಯರಿದ್ದರೆ ಅವರ ಸಿಲಬಸ್ ಒಮ್ಮೆ ತೆಗೆದು ನೋಡಿ. ವಿಷಯದ ಹೆಸರಿನ ಪಕ್ಕದಲ್ಲಿ 3(2+1), 2(1+1) ಅನ್ನುವಂತಹ ಲೆಕ್ಕ ಇರುತ್ತೆ. ಪ್ಲಸ್ ಚಿಹ್ನೆಯ ಎಡಗಡೆ ಇರೋದು ಪಾಠದ ಕ್ರೆಡಿಟ್, ಬಲಗಡೆ ಇರೋದು ಪ್ರಾಯೋಗಿಕ ಕೆಲಸದ ಕ್ರೆಡಿಟ್. ಒಂದು ಪಾಠದ ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ತರಗತಿ. ಪ್ರಾಯೋಗಿಕದ ಒಂದು ಕ್ರೆಡಿಟ್‌ಗೆ ಅದರ ಎರಡರಷ್ಟು ಹೊತ್ತು ಹೊಲದಲ್ಲೋ ಲ್ಯಾಬ್‌ನಲ್ಲೋ ನಿಲ್ಲಬೇಕು.

ಕೃಷಿ ಶಿಕ್ಷಣದಲ್ಲಿ ಡಿಜಿಟಲ್ ಬೇಕೋ ಬೇಡವೋ ಅನ್ನೋ ಚರ್ಚೆ ಮುಗಿದಾಗಿದೆ. ಈಗ ಕೇಳಬೇಕಾದ್ದು, ಅದು ಪ್ಲಸ್ ಚಿಹ್ನೆಯ ಯಾವ ಬದಿಗೆ ಬರುತ್ತಿದೆ ಅನ್ನೋದನ್ನು. ಇಲ್ಲಿವರೆಗೆ ದುಡ್ಡು, ಗಮನ ಎರಡೂ ಹೆಚ್ಚಾಗಿ ಹರಿದಿರುವುದು ಎಡಗಡೆಗೆ.

ಇಲ್ಲಿವರೆಗೆ ಏನೇನು ಬಂತು?

2017ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) ರಾಷ್ಟ್ರೀಯ ಕೃಷಿ ಉನ್ನತ ಶಿಕ್ಷಣ ಯೋಜನೆಯನ್ನು ಶುರು ಮಾಡಿತು. ಒಟ್ಟು 1,100 ಕೋಟಿ ರೂಪಾಯಿ. ಅರ್ಧ ವಿಶ್ವ ಬ್ಯಾಂಕಿನದು, ಇನ್ನರ್ಧ ಕೇಂದ್ರ ಸರ್ಕಾರದ್ದು. ಪ್ರವೇಶದಿಂದ ಅಂಕಪಟ್ಟಿವರೆಗಿನ ವ್ಯವಹಾರಕ್ಕೆ ಸಾಫ್ಟ್‌ವೇರ್, ವರ್ಚುವಲ್ ತರಗತಿಗಳು, ಆನ್‌ಲೈನ್ ಪಾಠಗಳು ಬಂದಿದ್ದು ಈ ಯೋಜನೆಯಡಿ. 2020ರ ಆಗಸ್ಟ್‌ನಲ್ಲಿ ‘ಕೃಷಿ ಮೇಘ’ ಬಂತು. ದೆಹಲಿಯ ಕೇಂದ್ರದಲ್ಲಿರುವ ಕೃಷಿ ಸಂಶೋಧನೆಯ ದತ್ತಾಂಶ ಅಳಿದುಹೋದರೆ ಅಂತ ಹೈದರಾಬಾದಿನಲ್ಲಿ ಅದರ ಇನ್ನೊಂದು ಪ್ರತಿಯನ್ನು ಕಾಪಿಡುವ ವ್ಯವಸ್ಥೆ ಇದು. 2023ರ ಮಾರ್ಚ್‌ನಲ್ಲಿ ಆನ್‌ಲೈನ್ ಮತ್ತು ತರಗತಿ ಎರಡನ್ನೂ ಬೆಸೆಯುವ ಕಲಿಕಾ ವೇದಿಕೆಯನ್ನೂ ಉದ್ಘಾಟಿಸಲಾಯಿತು.

ಪಠ್ಯಕ್ರಮವೂ ಬದಲಾಗಿದೆ. ಐಸಿಎಆರ್‌ನ ಐದನೇ ಡೀನ್‌ಗಳ ಸಮಿತಿ ಕೃಷಿ ಪದವಿಗೆ ‘ಅಗ್ರಿ ಇನ್ಫಾರ್ಮ್ಯಾಟಿಕ್ಸ್’ ಅನ್ನೋ ವಿಷಯ ತಂದಿತು. ಆರನೇ ಸಮಿತಿಯ ವರದಿ ಪದವಿ ಅವಧಿಯಲ್ಲಿ 10 ಕ್ರೆಡಿಟ್‌ಗಳಷ್ಟು ಆನ್‌ಲೈನ್ ಕೋರ್ಸ್‌ಗಳಿಗೆ ಜಾಗ ಕೊಟ್ಟಿದೆ.

ಇದ್ಯಾವುದೂ ಕೆಟ್ಟದ್ದಲ್ಲ. ರಾಯಚೂರಿನಲ್ಲಿ ಕೂತ ವಿದ್ಯಾರ್ಥಿನಿ ದೆಹಲಿಯ ಸಂಖ್ಯಾಶಾಸ್ತ್ರಜ್ಞರ ಪಾಠ ಕೇಳಬಹುದು ಅಂದರೆ ಅದು ಸಣ್ಣ ವಿಷಯವಲ್ಲ. ಆದರೆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಪಾಠ, ಪರೀಕ್ಷೆ, ಅಂಕಪಟ್ಟಿ, ದತ್ತಾಂಶ ಸಂಗ್ರಹ. ಹೊಲ ಎಲ್ಲಿದೆ?

ಮೊಬೈಲ್‌ನಲ್ಲಿ ಮಣ್ಣು ಹಿಡಿಯೋಕಾಗಲ್ಲ

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಈ ಪ್ರಶ್ನೆ ಎಲ್ಲರ ಎದುರಿಗೂ ಬಂತು. ಪಾಠಗಳೇನೋ ಮೊಬೈಲ್‌ಗೆ ಬಂದವು. ಅದೂ ಎಲ್ಲರಿಗೂ ಬರಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ಲೆಕ್ಕದಂತೆ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇ.14.9ರಷ್ಟಕ್ಕೆ ಮಾತ್ರ, ಕಂಪ್ಯೂಟರ್ ಇದ್ದದ್ದು ಶೇ.4.4ರಷ್ಟಕ್ಕೆ. ರೈತರ ಮಕ್ಕಳಿಗೆ ಅಂತಲೇ ಸೀಟು ಮೀಸಲಿಟ್ಟಿರುವ ಕೋರ್ಸ್ ಇದು. ನೆಟ್‌ವರ್ಕ್ ಇಲ್ಲದ ಊರಿಗೆ ವಾಪಸ್ ಹೋದವರಲ್ಲಿ ಅವರೂ ಇದ್ದರು.

ನೆಟ್‌ವರ್ಕ್ ಇದ್ದವರಿಗೂ ಪಾಠ ಸಿಕ್ಕಿತೇ ಹೊರತು ‘ಪ್ಲಸ್ ಒಂದು’ ಸಿಗಲಿಲ್ಲ. ತೊಗರಿಯ ನೆಟೆ ರೋಗವನ್ನೇ ತಗೊಳ್ಳಿ. ಗಿಡ ಬಾಡುತ್ತೆ, ಎಲೆ ಹಳದಿಯಾಗುತ್ತೆ. ನೀರು ಕಡಿಮೆಯಾದರೂ ಹಾಗೇ ಕಾಣುತ್ತೆ. ಗಿಡ ಕಿತ್ತು, ಕಾಂಡ ಸೀಳಿ, ಒಳಗೆ ಕಂದು-ಕಪ್ಪು ಗೆರೆ ಇದೆಯಾ ಅಂತ ನೋಡಿದರೆ ಮಾತ್ರ ರೋಗ ಯಾವುದು ಅನ್ನೋದರ ಸುಳಿವು ಸಿಗೋದು. ಆ ಕಾಂಡ ಸೀಳುವ ಕೈ ತಯಾರಾಗುವುದು ಹೊಲದಲ್ಲಿ.

ಕೊನೆಯ ವರ್ಷದ ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಇರುವುದೂ ಇದಕ್ಕೇ. ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು, ಊರಿನ ಜಾಗವೊಂದರಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸ್ತಾರೆ. ಸುತ್ತ ನಿಂತ ಜನ “ಕೆರೆ ಅಲ್ಲಲ್ಲ, ಇಲ್ಲಿ” ಅಂತ ತಿದ್ದುತ್ತಾರೆ. ಉಪಗ್ರಹ ಚಿತ್ರದಲ್ಲಿ ಕೆರೆ ಎಲ್ಲಿದೆ ಅಂತ ಕಾಣುತ್ತೆ, ನಿಜ. ಆ ಕೆರೆಯ ನೀರು ಯಾರ ಗದ್ದೆಗೆ ಹೋಗುತ್ತೆ, ಯಾರ ಗದ್ದೆಗೆ ಹೋಗಲ್ಲ ಅನ್ನೋದು ಜನರ ಬಾಯಿಂದಲೇ ಬರಬೇಕು.

99 ಹೇಗೆ 31 ಆಯ್ತು?

“ಎಐ ಇದೆಯಲ್ಲ, ಫೋಟೊ ತೆಗೆದರೆ ರೋಗ ಹೇಳುತ್ತೆ” ಅನ್ನೋರಿಗೆ ಒಂದು ಉದಾಹರಣೆ. ಬೆಳೆ ರೋಗ ಗುರುತಿಸುವ ಎಐ ಸಂಶೋಧನೆಯಲ್ಲಿ ‘ಪ್ಲಾಂಟ್‌ವಿಲೇಜ್’ ದೊಡ್ಡ ಹೆಸರು. 54,306 ಎಲೆಗಳ ಫೋಟೊಗಳನ್ನು ಬಳಸಿ 2016ರಲ್ಲಿ ಸಂಶೋಧಕರು ಒಂದು ಮಾದರಿಯನ್ನು ತರಬೇತುಗೊಳಿಸಿದರು. ಅದೇ ಸಂಗ್ರಹದ ಫೋಟೊಗಳ ಮೇಲೆ ಪರೀಕ್ಷಿಸಿದಾಗ ನಿಖರತೆ ಶೇ.99.35. ಬೇರೆ ಸನ್ನಿವೇಶದಲ್ಲಿ ತೆಗೆದ ಫೋಟೊಗಳನ್ನು ಕೊಟ್ಟಾಗ ಅದು ಸುಮಾರು ಶೇ.31ಕ್ಕೆ ಇಳಿಯಿತು. ಇದನ್ನು ಆ ಸಂಶೋಧಕರೇ ತಮ್ಮ ಪ್ರಬಂಧದಲ್ಲಿ ಬರೆದಿದ್ದಾರೆ.

ಕಾರಣ ಸರಳ. ಮೂಲ ಫೋಟೊಗಳಲ್ಲಿ ಇದ್ದದ್ದು ಗಿಡದಿಂದ ಕಿತ್ತು ಸಾದಾ ಹಿನ್ನೆಲೆಯ ಮೇಲೆ ಇಟ್ಟ ಒಂಟಿ ಎಲೆಗಳು. ಹೊಲದಲ್ಲಿ ಎಲೆ ಹಾಗಿರಲ್ಲ. ನೆರಳು, ಧೂಳು, ಮೇಲೊಂದು ಎಲೆ, ಪಕ್ಕದಲ್ಲಿ ಕಳೆ ಎಲ್ಲವೂ ಇರುತ್ತೆ.

ಅದಕ್ಕಿಂತ ದೊಡ್ಡ ಸಮಸ್ಯೆ ಬೆಳೆಗಳ ಪಟ್ಟಿಯದು. ಆ ಸಂಗ್ರಹದಲ್ಲಿರುವುದು 14 ಬೆಳೆ. ಸೇಬು, ಬ್ಲೂಬೆರಿ, ಸ್ಟ್ರಾಬೆರಿ, ಪೀಚ್ ಇವೆ. ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ, ದ್ರಾಕ್ಷಿಯೂ ಇವೆ. ರಾಗಿ ಇಲ್ಲ, ಬಿಳಿಜೋಳ ಇಲ್ಲ, ತೊಗರಿ ಇಲ್ಲ, ಅಡಿಕೆ ಇಲ್ಲ. ಮಲೆನಾಡಿನ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕಿ ರೋಗಕ್ಕೆ, ಕಲಬುರಗಿಯ ನೆಟೆಗೆ ಅಲ್ಲಿ ಉತ್ತರ ಹುಡುಕಿದರೆ ಸಿಗುವುದಿಲ್ಲ. ಜಗತ್ತಿನ ಎಐಗೆ ನಮ್ಮ ಬೆಳೆ ತಾನಾಗಿ ಗೊತ್ತಾಗಲ್ಲ. ಯಾರಾದರೂ ಸಾವಿರಾರು ಫೋಟೊ ತೆಗೆದು, ‘ಇದು ಬೆಂಕಿ ರೋಗ, ಇದು ಅಲ್ಲ’ ಅಂತ ಗುರುತು ಹಾಕಿ ಕೊಡಬೇಕು.

ಆ ಕೆಲಸಕ್ಕೆ ನಮ್ಮ ಕೃಷಿ ವಿವಿಗಳಿಗಿಂತ ಸೂಕ್ತ ಜಾಗ ಇದೆಯಾ? ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದಲ್ಲಿ ಕೃಷಿ ವಿವಿಗಳಿವೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿವಿ ಇದೆ. ಬೇರೆ ಬೇರೆ ಮಣ್ಣು, ಮಳೆ, ಬೆಳೆ. ಪ್ರತಿ ಹಂಗಾಮಿನಲ್ಲೂ ಹೊಲಕ್ಕಿಳಿಯುವ ವಿದ್ಯಾರ್ಥಿಗಳು, ರೋಗ ಗುರುತಿಸಿ ಹೇಳಬಲ್ಲ ಪ್ರಾಧ್ಯಾಪಕರು. ಡಿಜಿಟಲ್ ಬರಬೇಕಾದ್ದು ಇಲ್ಲಿಗೆ, ಪ್ಲಸ್ ಚಿಹ್ನೆಯ ಬಲಗಡೆಗೆ.

ಇದು ಆಗದ ಮಾತೇನಲ್ಲ. ಬೆಳೆಯ ಕೀಟ-ರೋಗ ಗುರುತಿಸಿ ಸಲಹೆ ಕೊಡುವ ‘ಇ-ಸ್ಯಾಪ್’ ತಂತ್ರಾಂಶವನ್ನು ರೂಪಿಸಿದ್ದು ರಾಯಚೂರು ಕೃಷಿ ವಿವಿ. 2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ಭಾರತಕ್ಕೆ ಕಾಲಿಟ್ಟಿರುವುದನ್ನು ಮೊದಲು ಪತ್ತೆಹಚ್ಚಿದ್ದು ಶಿವಮೊಗ್ಗದ ಕೃಷಿ ವಿಜ್ಞಾನಿಗಳು. ಅವರು ಮೆಕ್ಕೆಜೋಳದ ಹೊಲಕ್ಕೆ ಹೋಗಿ, ಹುಳು ಹಿಡಿದು, ಪರೀಕ್ಷಿಸಿ ಹೇಳಿದರು. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕೆ ಅನ್ನೋ ಲಕ್ಷಣಗಳನ್ನು ಇವತ್ತು ಆ್ಯಪ್‌ಗಳೂ ಹೇಳುತ್ತವೆ. ಆದರೆ ಅದು ಇಲ್ಲಿಗೆ ಬಂದಿದೆ ಅಂತ ಮೊದಲು ಹೇಳಿದ್ದು ಹೊಲಕ್ಕೆ ಹೋದ ಮನುಷ್ಯರು.

ಫೋಟೊ ರೈತನದು, ಲಾಭ ಯಾರದು?

ಈಗ ರಾಜಕೀಯಕ್ಕೆ ಬರೋಣ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಆರು ರಾಜ್ಯಗಳ 100 ಹಳ್ಳಿಗಳಲ್ಲಿ ಪ್ರಾಯೋಗಿಕ ಯೋಜನೆಗಾಗಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ರೈತರ ದತ್ತಾಂಶದ ‘ಅಗ್ರಿಸ್ಟ್ಯಾಕ್’ ಕಟ್ಟುವ ಪ್ರಯತ್ನದ ಭಾಗ ಅದು. ರೈತರನ್ನು ಕೇಳದೆ, ದತ್ತಾಂಶ ರಕ್ಷಣೆಗೆ ಕಾನೂನೇ ಇಲ್ಲದೆ ಇದೇನು ಅಂತ 50ಕ್ಕೂ ಹೆಚ್ಚು ಸಂಘಟನೆಗಳು ಆಕ್ಷೇಪ ಎತ್ತಿದವು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಆದರೆ ಆ ಕಾಯ್ದೆ ಕಾಪಾಡುವುದು ವ್ಯಕ್ತಿಯನ್ನು ಗುರುತಿಸಬಹುದಾದ ಮಾಹಿತಿಯನ್ನಷ್ಟೇ. ಹೆಸರಿಲ್ಲದ ಎಲೆಯ ಫೋಟೊ, ರೋಗದ ಗುರುತು ಅದರ ವ್ಯಾಪ್ತಿಗೆ ಬರಲ್ಲ. ನಾಳೆ ಯಾವುದೋ ಕಂಪನಿ ಕೃಷಿ ವಿವಿ ಜೊತೆ ಒಪ್ಪಂದ ಮಾಡಿಕೊಂಡು, ವಿದ್ಯಾರ್ಥಿಗಳಿಂದ ಫೋಟೊ ತೆಗೆಸಿ, ಆ್ಯಪ್ ಮಾಡಿ, ಅದೇ ರೈತನಿಗೆ ಚಂದಾ ಕಟ್ಟಿಸಿಕೊಂಡು ಮಾರಿದರೆ ತಡೆಯೋರು ಯಾರು? ಆ ಆ್ಯಪ್ ರೋಗ ಹೇಳಿ, ಕೆಳಗೇ ತನ್ನ ಕೀಟನಾಶಕದ ಜಾಹೀರಾತು ಹಾಕಿದರೆ?

ಕೃಷಿ ವಿವಿ ಅಂದರೆ ಕಲಿಸುವುದು, ಸಂಶೋಧನೆ ಮಾಡುವುದು, ಅದನ್ನು ರೈತರಿಗೆ ತಲುಪಿಸುವುದು ಅನ್ನೋ ಮೂರು ಹೊಣೆ ಹೊತ್ತ ಸಾರ್ವಜನಿಕ ಸಂಸ್ಥೆ. ಮೂರನೆಯದನ್ನು ಆ್ಯಪ್ ಕಂಪನಿಗಳಿಗೆ ಬಿಟ್ಟುಕೊಟ್ಟರೆ ಉಳಿದೆರಡು ಯಾರಿಗಾಗಿ?

ಭಾಷೆಯೂ ಒಂದು ತಂತ್ರಜ್ಞಾನವೇ

ಪಾಠ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. ವಿದ್ಯಾರ್ಥಿ ಕಲಿಯೋದು ‘ಫ್ಯುಸೇರಿಯಮ್ ವಿಲ್ಟ್’. ಕಲಬುರಗಿಯ ರೈತ ಹೇಳೋದು “ನೆಟೆ ಹತ್ಯಾದ್ರಿ” ಅಂತ. ಯಂತ್ರಕ್ಕೆ ಈ ಎರಡೂ ಒಂದೇ ಅಂತ ಯಾರಾದರೂ ಹೇಳಿಕೊಡಬೇಕು. ಒಂದೇ ರೋಗಕ್ಕೆ ಹಳೆ ಮೈಸೂರಿನಲ್ಲಿ ಒಂದು ಹೆಸರು, ಕಲ್ಯಾಣ ಕರ್ನಾಟಕದಲ್ಲಿ ಇನ್ನೊಂದು ಇರಬಹುದು. ಈ ಪದಗಳನ್ನು ದನಿ ಸಮೇತ ಸಂಗ್ರಹಿಸುವುದು ಕಾರ್ಯಾನುಭವಕ್ಕೆ ಹೋದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತೆ. ಕನ್ನಡದಲ್ಲಿ ಮಾತಾಡುವ ಕೃಷಿ ಎಐ ಬೇಕು ಅನ್ನೋರು ಮೊದಲು ಇದಕ್ಕೆ ದುಡ್ಡು ಇಡಬೇಕು.

ನಾವು ಕೇಳಬೇಕಾದ್ದೇನು?

ಮೊದಲನೆಯದು, ಆನ್‌ಲೈನ್ ಪಾಠ ಖಾಲಿ ಹುದ್ದೆ ತುಂಬದಿರುವುದಕ್ಕೆ ನೆಪ ಆಗಬಾರದು. ರೆಕಾರ್ಡ್ ಮಾಡಿದ ಪಾಠ ಹತ್ತು ಸಲ ಕೇಳಬಹುದು. ಕಾಂಡ ಸೀಳುವಾಗ ಪಕ್ಕದಲ್ಲಿ ನಿಲ್ಲೋಕೆ ಮೇಷ್ಟ್ರು ಬೇಕು.

ಎರಡನೆಯದು, ಉಪಕರಣಕ್ಕೆ ಕೊಟ್ಟ ದುಡ್ಡು ವಿದ್ಯಾರ್ಥಿಯ ಕೈಗೆ ತಲುಪಬೇಕು. ಪ್ರಾತ್ಯಕ್ಷಿಕೆಗೆ ಡ್ರೋನ್ ಕೊಳ್ಳಲು ಕೃಷಿ ವಿವಿಗಳಿಗೆ 10 ಲಕ್ಷ ರೂಪಾಯಿವರೆಗೆ ಪೂರ್ತಿ ಅನುದಾನ ಕೊಡುವುದಾಗಿ 2022ರಲ್ಲಿ ಕೇಂದ್ರ ಹೇಳಿತ್ತು. ಬಂದ ಡ್ರೋನ್ ಮೇಳದ ದಿನ ಹಾರಿ ಮತ್ತೆ ಬೀರು ಸೇರುತ್ತಾ, ಇಲ್ಲಾ ಪ್ರಾಯೋಗಿಕ ತರಗತಿಯಲ್ಲಿ ಪ್ರತಿಯೊಬ್ಬರ ಕೈಗೂ ಸಿಗುತ್ತಾ? ಇದನ್ನು ಆರ್‌ಟಿಐ ಅರ್ಜಿಯಲ್ಲೂ ಕೇಳಬಹುದು.

ಮೂರನೆಯದು, ಸಾರ್ವಜನಿಕ ದುಡ್ಡಿನಲ್ಲಿ, ರೈತರ ಹೊಲದಲ್ಲಿ ಸಂಗ್ರಹಿಸಿದ ದತ್ತಾಂಶ ಸಾರ್ವಜನಿಕವಾಗಿರಬೇಕು. ರೈತರ ಗುರುತು ತೆಗೆದು, ಎಲ್ಲರಿಗೂ ಮುಕ್ತವಾಗಿ ಸಿಗಬೇಕು. ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದಗಳನ್ನು ವಿವಿಗಳು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು.

ಇವೆಲ್ಲ ಕೃಷಿ ವಿದ್ಯಾರ್ಥಿಗಳ ತಲೆನೋವು, ನಮಗ್ಯಾಕೆ ಅನ್ನೋ ಹಾಗಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಯಾವ ರೋಗಕ್ಕೆ ಯಾವ ಔಷಧಿ, ಯಾವ ಬೆಳೆಗೆ ಎಷ್ಟು ವಿಮೆ ಅನ್ನೋದನ್ನು ಪರದೆಯ ಹಿಂದಿನ ಲೆಕ್ಕಾಚಾರವೇ ಹೇಳುವ ಸಾಧ್ಯತೆ ಹೆಚ್ಚು. ಆ ಲೆಕ್ಕ ತಪ್ಪಿದಾಗ “ಇದು ತಪ್ಪು” ಅಂತ ಹೇಳಬಲ್ಲವರು ನಮ್ಮ ನಡುವೆ ಇರಬೇಕು. ಕೋಡ್ ಗೊತ್ತಿದ್ದು ಹೊಲ ಗೊತ್ತಿಲ್ಲದವರು ಅದನ್ನು ಹೇಳಲಾರರು. ಹೊಲ ಗೊತ್ತಿದ್ದು ಕೋಡ್ ಗೊತ್ತಿಲ್ಲದವರ ಮಾತನ್ನು ಯಾರೂ ಕೇಳಲ್ಲ. ಎರಡೂ ಬಲ್ಲವರನ್ನು ತಯಾರು ಮಾಡುವ ಸಾರ್ವಜನಿಕ ಜಾಗ ನಮ್ಮಲ್ಲಿ ಇನ್ನೂ ಉಳಿದಿದೆ. ಅದರ ಬಜೆಟ್ ಎಲ್ಲಿಗೆ ಹೋಗುತ್ತಿದೆ ಅಂತ ಈಗಲೇ ಕೇಳೋಣ.