ಇಂಗ್ಲಿಷ್ ಕಲಿಸಲು ಅರ್ಹರು ಯಾರು?

“ಕನ್ನಡದಲ್ಲಿ ಓದಿದ ನಮ್ಮ ಮಗಳು ಮುಂದೆ ಇಂಗ್ಲಿಷ್ ಉಪಾಧ್ಯಾಯಿನಿ ಆಗಬಲ್ಲಳೇ, ಸರ್?” ಎಂದು ಕೊರ್ತಾಲಿಮ್‌ನ ಪೋಷಕರೊಬ್ಬರು ನಮ್ಮನ್ನು ಕೇಳಿದರು. ಆ ಪ್ರಶ್ನೆಯ ಹಿಂದಿನ ಅಂಜಿಕೆ ನಮಗೆ ಹೊಸದಲ್ಲ. ತರುಣರಾಗಿದ್ದಾಗ ನಾವು ಇಂಗ್ಲಿಷ್ ಕಲಿಸುವ ಹುದ್ದೆಗಾಗಿ ಒಂದು ಸಂಸ್ಥೆಯ ಸಂದರ್ಶನಕ್ಕೆ ಹೋಗಿದ್ದೆವು. ಒಂದು ಪಾಠ ಮಾಡಿ ತೋರಿಸಿರೆಂದು ಅಲ್ಲಿ ಯಾರೂ ಹೇಳಲಿಲ್ಲ. ಯಾವ ಮಾಧ್ಯಮದಲ್ಲಿ ಓದಿದಿರೆಂದು ಮಾತ್ರ ಕೇಳಿ ನಮ್ಮನ್ನು ಬೀಳ್ಕೊಟ್ಟರು.

ಮಾಧ್ಯಮದ ನೆಪವಿರಲಿ, ದೇಶದ ನೆಪವಿರಲಿ, ದೋಷದ ಮೂಲವೊಂದೇ: ಕಲಿಸುವ ಶಕ್ತಿಯನ್ನು ಬಿಟ್ಟು ಹುಟ್ಟನ್ನು ಅಳೆಯುವುದು. ಇದು ಜಗತ್ತಿನಲ್ಲೆಲ್ಲ ಉಂಟು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ವಿದೇಶೀಯರಿಗೆ ಕೊಡುವ ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲಾಗಿದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದವು ನಮ್ಮವರಿಗೂ ಬಾಗಿಲು ತೆರೆಯಿತು. ಆದರೆ ಸಹಾಯಕ ಶಿಕ್ಷಕರ ಸ್ಥಾನಕ್ಕೆ ಮಾತ್ರ.

ಈ ನಂಬಿಕೆ ಹಬ್ಬಿದ ಬಗೆಯನ್ನು ವಿದ್ವಾಂಸರು ಶೋಧಿಸಿದ್ದಾರೆ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನಾ ಸಮ್ಮೇಳನ ನಡೆಯಿತು. ಇಂಗ್ಲಿಷ್ ಮಾತೃಭಾಷೆಯಾಗಿ ಉಳ್ಳವನೇ ಆದರ್ಶ ಶಿಕ್ಷಕನೆಂಬ ಭಾವನೆ ಅಲ್ಲಿ ಬಲಗೊಂಡಿತೆಂದು ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಗ್ರಂಥದಲ್ಲಿ ವಿವರಿಸಿ, ಅದು ಭ್ರಮೆಯೆಂದು ವಾದಿಸಿದರು.

ಭ್ರಮೆ ಹೇಗೆ? ನಮ್ಮ ಮಗು ‘ಸ್ಕೂಲ್’ ಎನ್ನಲು ಹೋಗಿ ‘ಇಸ್ಕೂಲು’ ಎನ್ನುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಇಂಗ್ಲಿಷಿನಲ್ಲಿಯೂ ಅದನ್ನು ಕೊನೆಗೇ ತಳ್ಳುತ್ತದೆ. ‘ಎ’, ‘ದಿ’ಗಳಂತಹ ಪದಗಳು ಕನ್ನಡದಲ್ಲಿಲ್ಲವಾದ್ದರಿಂದ ಅವನ್ನು ಮರೆಯುತ್ತದೆ. ಅದೇ ತಪ್ಪುಗಳನ್ನು ತಾನೂ ಮಾಡಿ ತಿದ್ದಿಕೊಂಡ ಉಪಾಧ್ಯಾಯನಿಗೆ ಅವುಗಳ ಕಾರಣ ತಿಳಿದಿರುತ್ತದೆ. ಜುವಾರಿಯ ಆಚೆ ದಡದಲ್ಲಿಯೇ ಹುಟ್ಟಿದವನು ಆ ದಡವನ್ನು ಚೆನ್ನಾಗಿ ಬಲ್ಲನು. ಹೊಳೆಯ ಆಳವನ್ನು ಬಲ್ಲವನು ದಾಟಿ ಬಂದವನು.

ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಕನ್ನಡದ ಕವಿ ವಿ. ಕೃ. ಗೋಕಾಕರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆದರು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಸೂತ್ರಗಳನ್ನು ಬಾಯಿಪಾಠ ಮಾಡಿಸದೆ, ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವುಗಳ ಮೇಲಿನ ಸಮಸ್ಯೆಗಳನ್ನು ಮಕ್ಕಳಿಂದ ಇಂಗ್ಲಿಷಿನಲ್ಲಿ ಬಿಡಿಸುವುದು ಅದರ ಕ್ರಮ. ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದ ಅದನ್ನು ಇಂದಿಗೂ ಹೊರದೇಶಗಳ ಶಿಕ್ಷಕರು ಅಭ್ಯಸಿಸುತ್ತಾರೆ.

ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಟೆಸಾಲ್ 2006ರಲ್ಲಿ ಈ ತಾರತಮ್ಯವನ್ನು ಖಂಡಿಸಿತು. ಆದರೆ ಖಂಡನೆಯೊಂದೇ ಸಾಲದು. ಹುಟ್ಟು ಅರ್ಹತೆಯಲ್ಲ ಎನ್ನುವ ನಾವು ಪರಿಶ್ರಮದಿಂದ ಅರ್ಹತೆಯನ್ನು ಗಳಿಸಲೇಬೇಕು. ಮಕ್ಕಳೇ, ನಿತ್ಯವೂ ಒಂದು ಪುಟ ಇಂಗ್ಲಿಷನ್ನು ಗಟ್ಟಿಯಾಗಿ ಓದಿರಿ; ಉತ್ತಮ ಉಚ್ಚಾರಣೆಯನ್ನು ಕಿವಿಗೊಟ್ಟು ಕೇಳಿರಿ; ತಪ್ಪಿಗೆ ನಾಚದಿರಿ, ತಿದ್ದಿಕೊಳ್ಳದಿರುವುದಕ್ಕೆ ನಾಚಿರಿ.

ಆ ಪೋಷಕರಿಗೆ ನಾವು ಹೇಳಿದುದು ಇಷ್ಟೇ: “ಆಗಬಲ್ಲಳು. ಕನ್ನಡವನ್ನು ಬಿಡಿಸಬೇಡಿರಿ, ಇಂಗ್ಲಿಷನ್ನು ತಪ್ಪಿಸಬೇಡಿರಿ.”